ಇಬ್ಬರು ಮಕ್ಕಳು, ಸಭೆಯ (ಚರ್ಚಿನ) ಸೇವೆ, ಜೊತೆಗೆ ಅರ್ಧಕ್ಕೆ ನಿಂತ ಡಿಗ್ರಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ಎಲ್ಲವನ್ನೂ ನಿಭಾಯಿಸಬಹುದಾ?

ನಾಲ್ಕಕ್ಕೆ ಏಳಬೇಡಿ ಸಹೋದರಿ. ಅದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನಿಮ್ಮ ಪ್ರಶ್ನೆಯಲ್ಲಿ ಟೈಮ್‌ಟೇಬಲ್ ಕೇಳಿದ್ದೀರಿ. ಸೇವೆ ಕಡಿಮೆ ಮಾಡಿದರೆ ದೇವರಿಗೆ ಬೇಜಾರಾಗಲ್ವಾ ಅಂತಲೂ ಕೇಳಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ಮಧ್ಯದ ಒಂದು ಸಾಲಿನ ಮೇಲೆ: "ನನ್ನ ಓದಿನಿಂದ ಮನೆಯಲ್ಲಿ ಯಾರಿಗೂ ತೊಂದರೆ ಆಗಬಾರದು." ಹೆಚ್ಚುಕಡಿಮೆ ಇದೇ ಮಾತನ್ನು ನಾನೂ ಆಡಿದ್ದೆ. ಆ ಒಂದು ಮಾತಿಗೆ ನಾನು ತೆತ್ತ ಬೆಲೆ ದೊಡ್ಡದು.

ನಾನು ದೂರಶಿಕ್ಷಣದಲ್ಲಿ ಡಿಗ್ರಿ ಮುಗಿಸಲು ಹೊರಟಾಗ ಮಗಳು ಐದನೇ ಕ್ಲಾಸ್. ಮಗ ಆಗಷ್ಟೇ ಶಾಲೆಗೆ ಹೋಗಲು ಶುರು ಮಾಡಿದ್ದ. ಸಭೆಯಲ್ಲಿ ಸಂಡೇ ಸ್ಕೂಲ್ ಪೂರ್ತಿ ನನ್ನ ಕೈಯಲ್ಲಿತ್ತು. ಕ್ವಾಯರ್ (ಹಾಡುವ ತಂಡ) ಇತ್ತು. ಸ್ತ್ರೀಯರ ಪ್ರಾರ್ಥನಾ ಕೂಟವನ್ನು ನಾನೇ ನಡೆಸುತ್ತಿದ್ದೆ. ಅರ್ಜಿ ತುಂಬಿದ ರಾತ್ರಿ ಊಟದ ಹೊತ್ತಿಗೆ ನಮ್ಮ ಯಜಮಾನರಿಗೆ ಹೇಳಿದೆ: "ರೀ, ನಾನು ಓದಿದರೂ ಮನೆಯಲ್ಲಿ ಏನೂ ಬದಲಾಗಲ್ಲ. ಎಲ್ಲ ಈಗ ಹೇಗಿದೆಯೋ ಹಾಗೇ ಇರುತ್ತೆ." ಅವರು ಕೇಳಿರಲಿಲ್ಲ. ನಾನಾಗಿಯೇ ಕೊಟ್ಟ ಮಾತು. ಭಾನುವಾರ ಸಭಾಪಾಲಕರಿಗೂ (ಪಾಸ್ಟರ್) ಅದನ್ನೇ ಹೇಳಿ ಬಂದೆ.

ಕೇಳೋಕೆ ಒಳ್ಳೇ ಮಾತು, ಅಲ್ವಾ? ತ್ಯಾಗದ ಮಾತಿನ ಹಾಗೆ ಇದೆ. ಆದರೆ ಅದು ಏನು ಮಾಡಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಅದು ಅರ್ಥವಾಗಲು ತುಂಬ ಸಮಯ ಹಿಡಿಯಿತು.

ಓದಿಗೆ ಗಂಟೆಗಳು ಬೇಕು. ಅವು ಎಲ್ಲಿಂದಾದರೂ ಬರಲೇಬೇಕು. "ಏನೂ ಬದಲಾಗಲ್ಲ" ಅಂದ ಮೇಲೆ, ಯಾರಿಗೂ ಕಾಣದ ಕಡೆಯಿಂದ ತೆಗೆಯಬೇಕಾಗುತ್ತೆ. ಅಡುಗೆ ತಡವಾದರೆ ಕೇಳುತ್ತಾರೆ. ಸಂಡೇ ಸ್ಕೂಲ್ ನಿಂತರೆ ಫೋನ್ ಬರುತ್ತೆ. ನಿದ್ದೆ ಕೇಳಲ್ಲ. ಹಾಗಾಗಿ ಮೊದಲು ನಿದ್ದೆ ಹೋಯಿತು. ಆಮೇಲೆ ನನ್ನ ಪ್ರಾರ್ಥನೆ ಹೋಯಿತು. ನಾಲ್ಕಕ್ಕೆ ಎದ್ದು ಸತ್ಯವೇದ (ಬೈಬಲ್) ತೆರೆದು ಅದರ ಮೇಲೇ ತಲೆಯಿಟ್ಟು ನಿದ್ದೆ ಮಾಡಿದ ದಿನಗಳೇ ಜಾಸ್ತಿ. ಅದಾದ ಮೇಲೆ ಮನೆಯಲ್ಲಿ ಯಾರು ಗಲಾಟೆ ಮಾಡಲ್ಲವೋ ಅವರ ಪಾಲಿನ ಸಮಯ ಹೋಯಿತು. ಮಗ ಅತ್ತು ಕರೆದು ತನ್ನ ಪಾಲು ತೆಗೆದುಕೊಳ್ಳುತ್ತಿದ್ದ. ಮಗಳು ಸುಮ್ಮನಿರುವ ಹುಡುಗಿ.

ಇನ್ನೊಂದು, ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಹಾಗೆ ಮಾತು ಕೊಟ್ಟ ಮೇಲೆ ಸಹಾಯ ಕೇಳೋಕೆ ಬಾಯಿ ಬರಲ್ಲ. "ಇವತ್ತು ಪಾತ್ರೆ ನೀವು ತೊಳೀರಿ" ಅಂದರೆ ನಾನು ಸೋತೆ ಅಂತ ಒಪ್ಪಿಕೊಂಡ ಹಾಗೆ ಅನಿಸುತ್ತಿತ್ತು. ನಮ್ಮ ಯಜಮಾನರು ಕೆಟ್ಟವರಲ್ಲ. ನನ್ನ ಮಾತನ್ನು ನಂಬಿದ್ದರು, ಅಷ್ಟೇ. ನಂಬಿದವರ ಮೇಲೆ ನಾನೇ ಒಳಗೊಳಗೆ ಸಿಟ್ಟು ಬೆಳೆಸಿಕೊಂಡೆ. ಇಷ್ಟು ದಣಿದಿದ್ದೀನಿ, ಇವರಿಗೆ ಕಾಣಲ್ವಾ ಅಂತ. ಕಾಣದ ಹಾಗೆ ನೋಡಿಕೊಂಡವಳು ನಾನೇ.

ಅರ್ಜಿ ತುಂಬಿದ ಆ ರಾತ್ರಿ ಊಟದ ಮನೆಯಲ್ಲಿ ಇನ್ನೊಬ್ಬಳೂ ಇದ್ದಳು ಅನ್ನೋದು ನನಗೆ ಹೊಳೆದಿರಲೇ ಇಲ್ಲ.

ಒಂದು ಶನಿವಾರ ಸಂಡೇ ಸ್ಕೂಲಿಗೆ ಬಣ್ಣದ ಪೆನ್ಸಿಲ್ ಬೇಕಾಗಿ ಮಗಳ ಬ್ಯಾಗಿಗೆ ಕೈ ಹಾಕಿದೆ. ಶಾಲೆಯ ಡೈರಿ ಸಿಕ್ಕಿತು. ತೆರೆದರೆ, ಟೀಚರ್ ಬರೆದ ಟಿಪ್ಪಣಿಗಳು, ಪ್ರತಿಯೊಂದರ ಕೆಳಗೂ ನನ್ನ ಸಹಿ. ನಾನು ಹಾಕಿರಲಿಲ್ಲ. ನನ್ನ ಹೆಸರಿನ ಕೊನೆಯ ಅಕ್ಷರದ ಬಾಲವನ್ನು ನಾನು ಮೇಲಕ್ಕೆ ಎಳೆಯುತ್ತೇನೆ, ಅವಳೂ ಹಾಗೇ ಎಳೆದಿದ್ದಳು. ಮೊದಲು ಪೆನ್ಸಿಲಿನಲ್ಲಿ ಬರೆದು, ಅದರ ಮೇಲೆ ಪೆನ್ನು ಆಡಿಸಿ, ಆಮೇಲೆ ರಬ್ಬರ್ ಹಾಕಿ ಉಜ್ಜಿದ್ದಳು. ಉಜ್ಜಿದ ಕಡೆ ಹಾಳೆ ತೆಳ್ಳಗಾಗಿತ್ತು. ಮೊದಮೊದಲ ಸಹಿಗಳು ನಡುಗಿದ್ದವು. ಕೊನೆಕೊನೆಯವು ನನ್ನದೇ ಅನ್ನುವಷ್ಟು ಸರಿಯಾಗಿದ್ದವು.

ಟಿಪ್ಪಣಿಗಳಲ್ಲಿ ಇದ್ದದ್ದು ಒಂದೇ ವಿಷಯ. ಬೋರ್ಡಿನ ಮೇಲಿನದ್ದನ್ನು ನೋಡಿ ಬರೆಯದೆ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ. ದಯವಿಟ್ಟು ಕಣ್ಣು ತೋರಿಸಿ.

ನನ್ನ ಮಗಳಿಗೆ ದೂರದ್ದು ಕಾಣುತ್ತಿರಲಿಲ್ಲ. ತಿಂಗಳುಗಟ್ಟಲೆ. ಕೇಳಿದಾಗ ಅವಳು ಅಳಲೂ ಇಲ್ಲ. "ನೀನು ಓದ್ಕೋಬೇಕಲ್ಲ ಅಮ್ಮ. ಏನೂ ಬದಲಾಗಲ್ಲ ಅಂತ ಅಪ್ಪಂಗೆ ಹೇಳಿದ್ದೆಯಲ್ಲ" ಅಂದಳು. ನನ್ನ ಮಾತು ಉಳಿಸೋಕೆ ಆ ಮಗು ತನ್ನ ಕೈಲಾದದ್ದು ಮಾಡಿತ್ತು.

ಸೋಮವಾರವೇ ಕಣ್ಣಿನ ಡಾಕ್ಟರ್ ಹತ್ತಿರ ಹೋದೆವು. ಕನ್ನಡಕ ಬಂತು. ಮಾರ್ಕ್ಸ್ ಸರಿಹೋಗಲು ಅದಕ್ಕಿಂತ ಜಾಸ್ತಿ ಸಮಯ ಬೇಕಾಯಿತು. ತಲೆನೋವು ಬಂದರೂ ನನಗೆ ಹೇಳದೆ ಇರುವ ಅಭ್ಯಾಸ ಬಿಡಿಸಲು ಇನ್ನೂ ಜಾಸ್ತಿ.

ಹಾಗಾಗಿ ನಿಮ್ಮ ಟೈಮ್‌ಟೇಬಲ್ ಬಗ್ಗೆ ನಾನು ಏನೂ ಹೇಳಲ್ಲ. ಟೈಮ್‌ಟೇಬಲ್ ಆಮೇಲಿನ ಮಾತು. ಇವತ್ತೇ ಯಜಮಾನರ ಜೊತೆ ಕೂತು "ಬದಲಾಗುತ್ತೆ" ಅಂತ ಹೇಳಿ. ಮಕ್ಕಳೆದುರೇ ಹೇಳಿ. ಏನೇನು ಬದಲಾಗುತ್ತೆ, ಯಾವ ಕೆಲಸ ಯಾರಿಗೆ, ಎಷ್ಟು ದಿನದವರೆಗೆ, ಎಲ್ಲ ಬಾಯಿಬಿಟ್ಟು ಹೇಳಿ. ನಾನು ಆ ಶನಿವಾರ ರಾತ್ರಿ ಹೇಳಿದಾಗ ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೇ ತಾನೇ ಏನೂ ಬೇಡ ಅಂದಿದ್ದು" ಅಂದರು. ಕೋಪದಿಂದ ಅಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮರುದಿನದಿಂದ ಬೆಳಗಿನ ಹೊತ್ತು ಅವರದ್ದಾಯಿತು. ಮಕ್ಕಳನ್ನು ಎಬ್ಬಿಸುವುದು, ಡೈರಿ ನೋಡುವುದು, ಶಾಲೆಗೆ ಬಿಡುವುದು. ಅವರು ಮಡಚಿದ ಬಟ್ಟೆ ನಾನು ಮಡಚಿದ ಹಾಗೆ ಇರುವುದಿಲ್ಲ. ಹಿಂದೆಯೇ ಹೋಗಿ ಸರಿಮಾಡಬೇಡಿ. ಒಂದು ಸಲ ಸರಿಮಾಡಿದರೆ ಕೆಲಸ ಮತ್ತೆ ನಿಮ್ಮ ತಲೆಗೇ ಬರುತ್ತೆ.

ಈಗ ಸೇವೆಯ ಮಾತು. ನಾನು ಸಂಡೇ ಸ್ಕೂಲ್ ಬಿಟ್ಟೆ, ಕ್ವಾಯರ್ ಬಿಟ್ಟೆ. ಪ್ರಾರ್ಥನಾ ಕೂಟ ನಡೆಸುವುದನ್ನು ಬಿಟ್ಟೆ, ಆದರೆ ಹೋಗಿ ಕೂರುವುದನ್ನು ಬಿಡಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವ ಜಾಗ ಅದು. ಓದು ದೇವರಿಗಿಂತ ದೊಡ್ಡದಾಯ್ತಾ ಅಂತ ಒಬ್ಬರು ಕೇಳಿದರು. ನಿಮ್ಮನ್ನೂ ಕೇಳುತ್ತಾರೆ, ತಯಾರಾಗಿರಿ.

ಸತ್ಯವೇದದಲ್ಲಿ ವಿಮೋಚನಕಾಂಡ 18ನೇ ಅಧ್ಯಾಯ ಓದಿ. ಇಸ್ರಾಯೇಲ್ ಜನರ ನಾಯಕ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಿದ್ದ. ದೇವರ ಕೆಲಸವೇ ಅದು. ಆದರೂ ಅವನ ಮಾವ ಇತ್ರೋನ ನೋಡಿ, ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಅಂದ. ಸಾವಿರ, ನೂರು, ಐವತ್ತು, ಹತ್ತು ಜನಕ್ಕೆ ಒಬ್ಬೊಬ್ಬರನ್ನು ನೇಮಿಸಿ ಹಂಚು ಅಂದ. ಮೋಶೆ ಹಂಚಿದ. ಅವನಿಗೆ ಭಕ್ತಿ ಕಡಿಮೆಯಾಯಿತು ಅಂತ ಯಾರೂ ಹೇಳಲ್ಲ. ಹಂಚದೆ ನಾನೊಬ್ಬಳೇ ಹಿಡಿದುಕೊಂಡು ಕೂತಿದ್ದರೆ ಸಂಡೇ ಸ್ಕೂಲಿಗೆ ಇನ್ನೊಬ್ಬ ಟೀಚರ್ ಬೆಳೆಯುತ್ತಲೇ ಇರಲಿಲ್ಲ. ಈಗ ನಡೆಸುತ್ತಿರುವ ಹುಡುಗಿ ನನಗಿಂತ ಚೆನ್ನಾಗಿ ಕಥೆ ಹೇಳುತ್ತಾಳೆ.

ಜ್ಞಾನೋಕ್ತಿ 31ರ ಗುಣವತಿಯ ಹಾಗೆ ಇರಬೇಕು ಅಂತ ಬರೆದಿದ್ದೀರಿ. ನನ್ನ ಕುತ್ತಿಗೆಗೂ ಅದನ್ನೇ ಕಟ್ಟಿಕೊಂಡಿದ್ದೆ. ಆ ಭಾಗ 10ರಿಂದ 31ರವರೆಗೆ 22 ವಚನ. ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಂದ ಒಂದೊಂದಾಗಿ ಶುರುವಾಗುವ ಪದ್ಯ. ಒಬ್ಬ ಹೆಂಗಸಿನ ಇಡೀ ಬಾಳನ್ನು ಹೊಗಳಿ ಕಟ್ಟಿದ ಹಾಡು, ಒಂದು ದಿನದಲ್ಲಿ ಮಾಡಿ ಮುಗಿಸಬೇಕಾದ ಕೆಲಸಗಳ ಪಟ್ಟಿ ಅಲ್ಲ. 15ನೇ ವಚನದಲ್ಲಿ ಅವಳು ಕತ್ತಲಿರುವಾಗಲೇ ಏಳುತ್ತಾಳೆ, ನಿಜ. ಅದೇ ವಚನದಲ್ಲಿ ಅವಳ ಮನೆಯಲ್ಲಿ ದಾಸಿಯರಿದ್ದಾರೆ. ನಾವು ಮೊದಲರ್ಧ ಓದಿ ಅಲಾರಂ ಇಡುತ್ತೇವೆ.

ಯೇಸು ಮುಂಜಾನೆ ಎದ್ದು ಪ್ರಾರ್ಥಿಸಿದ್ದು ಮಾರ್ಕ 1:35ರಲ್ಲಿದೆ. ಅದೇ ಮಾರ್ಕನ 4ನೇ ಅಧ್ಯಾಯದಲ್ಲಿ ಬಿರುಗಾಳಿ ಎದ್ದಾಗ ದೋಣಿಯಲ್ಲಿ ತಲೆದಿಂಬಿಗೆ ಒರಗಿ ನಿದ್ದೆ ಮಾಡುತ್ತಿದ್ದಾನೆ. ಬೇಗ ಎದ್ದು ತಡವಾಗಿ ಮಲಗಿ ಕಷ್ಟದ ಅನ್ನ ತಿನ್ನುವುದು ವ್ಯರ್ಥ ಅಂತ 127ನೇ ಕೀರ್ತನೆ ಹೇಳುತ್ತೆ. ಮಲಗಿ. ಮಕ್ಕಳಿಗೆ ದೇವರ ಮಾತು ಕಲಿಸಲು ಧರ್ಮೋಪದೇಶಕಾಂಡ 6:7 ಕೊಡುವ ಸಮಯ ಯಾವುದು ನೋಡಿ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಬೇರೆ ಗಂಟೆ ಬೇಕಿಲ್ಲ. ಶಾಲೆಗೆ ನಡೆಯುವ ದಾರಿಯಲ್ಲೇ ಪ್ರಾರ್ಥನೆ ಮಾಡಬಹುದು. ಮಗ ಅಲ್ಲೇ ಕರ್ತನ ಪ್ರಾರ್ಥನೆ ಬಾಯಿಪಾಠ ಮಾಡಿದ.

ಒಂದು ಅಭ್ಯಾಸ ಮಾತ್ರ ಖಂಡಿತ ಇಟ್ಟುಕೊಳ್ಳಿ. ನಾನು ಅದನ್ನು ಸುಸಾನಾ ವೆಸ್ಲಿ ಅವರಿಂದ ಕಲಿತೆ. ಕ್ರೈಸ್ತರಲ್ಲಿ ಮೆಥಡಿಸ್ಟ್ ಎಂಬ ಚಳವಳಿ ಕಟ್ಟಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ತಾಯಿ. ಹೆತ್ತದ್ದು 19 ಮಕ್ಕಳನ್ನು, ಬದುಕುಳಿದವರು 10. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಅಷ್ಟರ ನಡುವೆಯೂ ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಒಬ್ಬರೇ ಕೂತು ಮಾತಾಡುತ್ತಿದ್ದರು. ಜಾನ್‌ಗೆ ಗುರುವಾರ. ದೊಡ್ಡವನಾದ ಮೇಲೆ ತಾಯಿಗೆ ಬರೆದ ಪತ್ರದಲ್ಲೂ ಆ ಗುರುವಾರದ ಸಂಜೆಯನ್ನು ನೆನೆದಿದ್ದಾನೆ. ನನ್ನ ಮಗಳಿಗೆ ಬುಧವಾರ, ಮಗನಿಗೆ ಶುಕ್ರವಾರ. ಫೋನ್ ಇನ್ನೊಂದು ಕೋಣೆಯಲ್ಲಿ, ನನ್ನ ಪುಸ್ತಕಗಳು ಮುಚ್ಚಿ. ಮೊದಲ ಕೆಲವು ವಾರ ಮಗಳು ಬರೀ "ಹೂಂ" ಅನ್ನುತ್ತಿದ್ದಳು. ನಾನು ಸುಮ್ನೆ ಕೂತೆ. ಒಂದು ಬುಧವಾರ, ಗಣಿತದ ಟೀಚರ್ ಕಂಡರೆ ಭಯ ಅಂತ ಶುರು ಮಾಡಿದವಳು ಮಲಗುವ ಹೊತ್ತಾದರೂ ನಿಲ್ಲಿಸಲಿಲ್ಲ.

ಓದು ಪೂರ್ತಿ ಬಿಡಲಾ ಅಂತಲೂ ಕೇಳಿದ್ದೀರಿ. ಬಿಡಬೇಡಿ. ಪರೀಕ್ಷೆಗೆ ಕಡಿಮೆ ವಿಷಯ ತೆಗೆದುಕೊಳ್ಳಿ, ಒಂದು ವರ್ಷ ಜಾಸ್ತಿ ಹಿಡಿಯಲಿ. ನನಗೂ ಹಿಡಿಯಿತು. ಕೊನೆಯ ಪರೀಕ್ಷೆಗೆ ನನ್ನನ್ನು ಬಿಡೋಕೆ ಮೂವರೂ ಬಂದಿದ್ದರು. ಹಾಲ್ ಟಿಕೆಟ್ ಇಟ್ಕೊಂಡ್ಯಾ ಅಂತ ಮಗಳೇ ನನ್ನ ಬ್ಯಾಗ್ ತೆಗೆದು ನೋಡಿದಳು.

ಸಭಾಪಾಲಕರ ಹತ್ತಿರ ಹೋಗುವ ಮುಂಚೆ, ನಿಮ್ಮ ಜಾಗಕ್ಕೆ ಯಾರು ಬರಬಹುದು ಅಂತ ಒಂದೆರಡು ಹೆಸರು ಯೋಚಿಸಿಟ್ಟುಕೊಳ್ಳಿ. ಅವರು ಮೊದಲು ಕೇಳೋದು ಅದನ್ನೇ. ಹೆಸರಿಲ್ಲದೆ ಹೋದರೆ "ಇನ್ನೊಂದು ತಿಂಗಳು ನೋಡ್ಕೊಳ್ಳಮ್ಮ" ಅಂತ ಹೇಳಿ ಕಳಿಸುತ್ತಾರೆ.