ಓದುಗರ ಪ್ರಶ್ನೆ: ಕ್ಷಮಿಸಿದ ಮೇಲೂ ಬಾಕಿ ಕೇಳಬಹುದೇ?

ಪ್ರಶ್ನೆ: ಜಂಟಿ ವ್ಯವಹಾರದಲ್ಲಿ ನಮ್ಮ ಚರ್ಚ್ ಸಭೆಯವರೊಬ್ಬರು ಇನ್ನೊಬ್ಬ ಸದಸ್ಯರ ಹಣ ನುಂಗಿದ್ದಾರೆ. ‘ಕ್ರಿಸ್ತನ ಪ್ರೀತಿ ಇದ್ದರೆ ಕ್ಷಮಿಸಿ, ಲೆಕ್ಕ ಕೇಳಬೇಡಿ’ ಎನ್ನುತ್ತಾರೆ ಹಿರಿಯರು. ಸರಿಯೇ?

ಉತ್ತರ: ಸರಿಯಲ್ಲ. ಪ್ರೀತಿ ಅನ್ಯಾಯಕ್ಕೆ ಸಂತೋಷಪಡುವುದಿಲ್ಲ, ಸತ್ಯಕ್ಕೆ ಸಂತೋಷಪಡುತ್ತದೆ ಎಂದು ಬೈಬಲ್‌ನಲ್ಲಿ ಅಪೊಸ್ತಲ ಪೌಲನೇ ಬರೆದಿದ್ದಾನೆ (1 ಕೊರಿಂಥ 13:6). ಕ್ಷಮಿಸುವುದೆಂದರೆ ಹಗೆ ಬಿಡುವುದು. ಬಾಕಿ ಮನ್ನಾ ಮಾಡುವುದು ಬೇರೆ ಮಾತು. ಆ ಹಕ್ಕು ಇರುವುದು ಹಣ ಕಳೆದುಕೊಂಡವರಿಗೆ ಮಾತ್ರ. ಇನ್ನೊಬ್ಬರ ದುಡ್ಡಿನಲ್ಲಿ ಔದಾರ್ಯ ತೋರಿಸುವುದು ಹಿರಿಯರಿಗೆ ಸುಲಭವೇ!

ಯಾಜಕಕಾಂಡದ 6ನೇ ಅಧ್ಯಾಯದ ಪ್ರಕಾರ ಮೋಸದಿಂದ ಪಡೆದದ್ದರ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು: 10,000 ಪಡೆದಿದ್ದರೆ 12,000. ಸುಂಕ ವಸೂಲಿಗಾರ ಜಕ್ಕಾಯನಂತೂ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8).

ದಾರಿ ಮತ್ತಾಯ 18:15–17ರಲ್ಲಿದೆ. ಮೊದಲು ಇಬ್ಬರೇ ಮಾತಾಡಬೇಕು. ಕೆಡುವುದು ಬಹುಪಾಲು ಇಲ್ಲೇ: ‘ಪ್ರಾರ್ಥಿಸಿ’ ಎನ್ನುತ್ತಾ ಊರಿಗೆಲ್ಲ ಹೇಳಿ ಮುಗಿಸಿರುತ್ತಾರೆ, ತಪ್ಪಿತಸ್ಥ ಮಾನ ಉಳಿಸಿಕೊಳ್ಳಲು ಎಲ್ಲವನ್ನೂ ಅಲ್ಲಗಳೆಯುತ್ತಾನೆ. ಬಗೆಹರಿಯದಿದ್ದರೆ ಎರಡೂ ಕಡೆಗೆ ನೆಂಟರಲ್ಲದ ಒಬ್ಬಿಬ್ಬರು ಸಾಕ್ಷಿಗಳು ಬರಲಿ. ಎಷ್ಟು ಹಣ, ಎಷ್ಟು ಕಂತು, ಯಾವ ತಾರೀಕು ಎಂಬುದನ್ನು ಅಲ್ಲೇ ಬರೆದು ಸಹಿ ಹಾಕಿಸಿ. ಅದಕ್ಕೂ ಒಪ್ಪದಿದ್ದರೆ ಸಭೆಯ ಮುಂದೆ. ಈ ಕಾಗದಕ್ಕೆ ಮೊದಲೇ ಆರಾಧನೆಯಲ್ಲಿ ಇಬ್ಬರ ಕೈ ಕುಲುಕಿಸಿದರೆ ಬಾಕಿ ಕೇಳುವವರೇ ಜಗಳಗಂಟರಾಗಿ ಕಾಣುತ್ತಾರೆ.

ಪ್ರಶ್ನೆ: ಮನೆಯಲ್ಲಿ ಹೊಡೆತ ತಿನ್ನುವವರಿಗೂ ‘ಮೊದಲು ಇಬ್ಬರೇ ಮಾತಾಡಿ’ ಎನ್ನಬಹುದೇ?

ಉತ್ತರ: ಖಂಡಿತ ಬೇಡ. ಹೊಡೆದವನೊಡನೆ ಒಂಟಿಯಾಗಿ ಕೂರಿಸಿದರೆ ಇನ್ನಷ್ಟು ಅಪಾಯ. ಮೊದಲು ಸುರಕ್ಷಿತ ಜಾಗ, ಚಿಕಿತ್ಸೆ, ಪೊಲೀಸ್ ದೂರು. ಮಕ್ಕಳ ಮೇಲಿನ ದೌರ್ಜನ್ಯವನ್ನು ಸಭೆಯೊಳಗೇ ಇತ್ಯರ್ಥ ಮಾಡಲು ಹೋಗಲೇಬಾರದು. ಕ್ಷಮಿಸಿದವರು ಮತ್ತೆ ಒಂದೇ ಸೂರಿನಡಿ ಬಾಳಬೇಕೆಂಬ ನಿಯಮವೂ ಇಲ್ಲ.

ಪ್ರಶ್ನೆ: ಇಡೀ ಸಮುದಾಯಗಳ ನಡುವಿನ ಗಾಯಕ್ಕೆ ಕ್ಷಮೆ ಮತ್ತು ಬಾಕಿಯ ಈ ದಾರಿ ಒದಗುತ್ತದೆಯೇ?

ಉತ್ತರ: ಅರ್ಧ ಒದಗಿದ ಉದಾಹರಣೆ ದಕ್ಷಿಣ ಆಫ್ರಿಕಾದ್ದು. ವರ್ಣಭೇದ ಆಳ್ವಿಕೆಯ ಕಾಲದ ದೌರ್ಜನ್ಯಗಳ ಬಗ್ಗೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ಬಹಿರಂಗ ವಿಚಾರಣೆ ಆರಂಭಿಸಿತು. ರಾಜಕೀಯ ಉದ್ದೇಶದ ಅಪರಾಧವನ್ನು ಪೂರ್ತಿ ಬಿಚ್ಚಿಟ್ಟವರು ಕ್ಷಮಾದಾನ ಕೇಳಬಹುದಿತ್ತು. ಸತ್ಯವೇನೋ ಹೊರಬಂತು. ಸಂತ್ರಸ್ತರಿಗೆ ತಲಾ 30,000 ರ‍್ಯಾಂಡ್ ಪರಿಹಾರ ಘೋಷಣೆಯಾದದ್ದು 2003ರಲ್ಲಿ, ಅದೂ ಆಯೋಗ ಸೂಚಿಸಿದ್ದಕ್ಕಿಂತ ಕಡಿಮೆ. ಹಾಗಾಗಿ ಪರಿಹಾರದ ಹಣ ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎಂಬುದು ವಿಚಾರಣೆಗೆ ಮೊದಲೇ ನಿಗದಿಯಾಗಿರಲಿ.