ಓದುಗರ ಪ್ರಶ್ನೆಗಳು: ನಿಮ್ಮ ಕಾದಾಟದ ಶೈಲಿಗೆ ಹೊಂದುವ ಎಂಎಂಎ ಜಿಮ್ ಯಾವುದು?

ಪ್ರಶ್ನೆ: ನಾನು ಶಾಲೆಯ ದಿನಗಳಿಂದಲೂ ಮ್ಯಾಟ್ ಕುಸ್ತಿ ಆಡಿದವನು. ಈಗ ಎಂಎಂಎ (ಹೊಡೆತ, ಕುಸ್ತಿ, ನೆಲದ ಕಾದಾಟ ಎಲ್ಲವೂ ಬೆರೆತ ಮಿಶ್ರ ಸಮರಕಲೆ) ಕಲಿತು ಹವ್ಯಾಸಿ ಪಂದ್ಯಗಳಿಗೆ ಇಳಿಯಬೇಕೆಂದಿದ್ದೇನೆ. ಹತ್ತಿರದಲ್ಲಿರುವ ಎರಡು ಜಿಮ್‌ಗಳಲ್ಲಿ ಒಂದು ಕಿಕ್‌ಬಾಕ್ಸಿಂಗ್‌ಗೆ, ಇನ್ನೊಂದು ನೆಲದ ಮೇಲೆ ಬಿಗಿದು ಸೋಲಿಸುವ ಬ್ರೆಜಿಲಿಯನ್ ಜಿಯು-ಜಿತ್ಸುವಿಗೆ ಹೆಸರಾಗಿದೆ. ನನಗೆ ಯಾವುದು ಸರಿ?

ಉತ್ತರ: ಬಾಗಿಲ ಮೇಲಿನ ಫಲಕವನ್ನು ನೋಡಿ ಇದನ್ನು ತೀರ್ಮಾನಿಸಬೇಡಿ. ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ಅಮೆರಿಕನ್ ಕಿಕ್‌ಬಾಕ್ಸಿಂಗ್ ಅಕಾಡೆಮಿಯ ಹೆಸರಿನಲ್ಲೇ ಕಿಕ್‌ಬಾಕ್ಸಿಂಗ್ ಇದೆ, ಅದರ ಮುಖ್ಯ ಕೋಚ್ ಹಾವಿಯರ್ ಮೆಂಡೆಜ್ ಕೂಡ ಕಿಕ್‌ಬಾಕ್ಸಿಂಗ್‌ನಿಂದ ಬಂದವರು. ಆದರೂ ಅಲ್ಲಿ ಅಭ್ಯಾಸ ಮಾಡಿ ಯುಎಫ್‌ಸಿ (ಎಂಎಂಎ ಪಂದ್ಯಗಳನ್ನು ನಡೆಸುವ ಹೆಸರಾಂತ ಸಂಸ್ಥೆ) ಚಾಂಪಿಯನ್ ಆದ ಕೇನ್ ವೆಲಾಸ್ಕೆಜ್, ಡೇನಿಯಲ್ ಕಾರ್ಮಿಯರ್ ಮತ್ತು ಖಬೀಬ್ ನುರ್ಮಗೊಮೆದೊವ್ ಮೂವರೂ ಎದುರಾಳಿಯನ್ನು ಹಿಡಿದು ನೆಲಕ್ಕೆ ಕೆಡವುವುದರಲ್ಲಿ ನಿಸ್ಸೀಮರು. ಕುಸ್ತಿಯನ್ನು ಅವರು ಹೊರಗಿನಿಂದಲೇ ತಂದಿದ್ದರು. ಅದನ್ನು ಹೊಡೆತದ ಆಟದೊಂದಿಗೆ ಬೆಸೆಯುವ ವ್ಯವಸ್ಥೆಯೂ ತಮ್ಮಷ್ಟೇ ಗಟ್ಟಿ ಜೊತೆಗಾರರೂ ಅವರಿಗೆ ಅಲ್ಲಿ ಸಿಕ್ಕರು.

ಆದ್ದರಿಂದ ನಿಮ್ಮ ಕುಸ್ತಿಯಲ್ಲಿ ಎಂಎಂಎಗೆ ಒಗ್ಗದ ಅಭ್ಯಾಸಗಳು ಯಾವುವು, ಅವನ್ನು ತಿದ್ದುವವರು ಯಾವ ಜಿಮ್‌ನಲ್ಲಿದ್ದಾರೆ ಎಂದು ಮೊದಲು ಯೋಚಿಸಿ. ಕುಸ್ತಿಯಲ್ಲಿ ಎರಡೂ ಭುಜಗಳನ್ನು ಎದುರಾಳಿ ಮ್ಯಾಟ್‌ಗೆ ಒತ್ತಿ ಹಿಡಿದರೆ ಸೋಲು. ಹಾಗಾಗಿ ಕೆಳಗೆ ಬಿದ್ದ ಕುಸ್ತಿಪಟು ಯೋಚಿಸದೆಯೇ ಹೊಟ್ಟೆಯ ಮೇಲೆ ಮಗುಚಿಕೊಳ್ಳುತ್ತಾನೆ. ಎಂಎಂಎಯಲ್ಲಿ ಇದೇ ಚಲನೆ ಎದುರಾಳಿಗೆ ಬೆನ್ನನ್ನು ಒಪ್ಪಿಸಿಬಿಡುತ್ತದೆ, ಅಲ್ಲಿಂದ ಅವನು ಕೊರಳಿಗೆ ತೋಳು ಹಾಕಿ ಬಿಗಿಯುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕಾಲಿಗೆ ನುಗ್ಗುವಾಗ ತಲೆಯನ್ನು ಎದುರಾಳಿಯ ಪಕ್ಕೆಯ ಹೊರಗೆ ಬಿಟ್ಟರೆ ಗಿಲೋಟಿನ್ ಚೋಕ್‌ಗೆ (ಎದುರಿನಿಂದ ಕೊರಳನ್ನು ತೋಳಿನಲ್ಲಿ ಬಿಗಿಯುವ ಪಟ್ಟು) ಕೊರಳು ಕೊಟ್ಟಂತಾಗುತ್ತದೆ. ಇನ್ನು ಮುಂಗಾಲಿನ ಮೇಲೆ ಭಾರ ಹಾಕಿ ಬಾಗಿ ನಿಲ್ಲುವ ಭಂಗಿಯಂತೂ ತೊಡೆಗೆ ಬೀಳುವ ಒದೆತವನ್ನೂ ಮುಖಕ್ಕೆ ಏರುವ ಮೊಣಕಾಲನ್ನೂ ಕರೆದು ತರುತ್ತದೆ. ಮೊದಲ ಎರಡು ದೋಷಗಳನ್ನು ಜಿಯು-ಜಿತ್ಸು ಬಲ್ಲವರು ಬೇಗ ಗುರುತಿಸುತ್ತಾರೆ, ಮೂರನೆಯದನ್ನು ಹೊಡೆತದ ಕೋಚ್ ಗುರುತಿಸುತ್ತಾರೆ.

ಎರಡೂ ಕಡೆ ಒಂದೊಂದು ಪ್ರಾಯೋಗಿಕ ತರಗತಿಗೆ ಹೋಗಿ, ಮೊದಲು ಬದಿಯಲ್ಲಿ ಕುಳಿತು ನೋಡಿ. ಹೊಡೆತ, ಹಿಡಿತ, ನೆಲದ ಕಾದಾಟ ಒಂದೇ ಸುತ್ತಿನಲ್ಲಿ ಬೆರೆಯುತ್ತವೆಯೇ, ಅಥವಾ ಒಂದೊಂದಕ್ಕೂ ಬೇರೆ ಬೇರೆ ದಿನವಿದ್ದು ಅವು ಎಲ್ಲಿಯೂ ಸೇರುವುದೇ ಇಲ್ಲವೇ ಎಂಬುದೇ ನನ್ನ ದೃಷ್ಟಿಯಲ್ಲಿ ನಿರ್ಣಾಯಕ ಅಂಶ. ಪಂದ್ಯ ತಿರುಗುವುದು ಹೆಚ್ಚಾಗಿ ಈ ಸಂಧಿಗಳಲ್ಲೇ: ಜ್ಯಾಬ್ (ಮುಂಗೈಯ ನೇರ ಗುದ್ದು) ತೋರಿಸಿ ಕಾಲಿಗೆ ನುಗ್ಗುವಾಗ, ಕೇಜ್‌ಗೆ (ಪಂದ್ಯದ ಅಂಕಣದ ಸುತ್ತಲಿನ ಬಲೆಬೇಲಿ) ಒತ್ತಿ ಹಿಡಿದಾಗ, ಬಿದ್ದವನು ಗೋಡೆಯ ಆಸರೆಯಿಂದ ಏಳುವಾಗ. ಆದ್ದರಿಂದ ಅಲ್ಲಿ ಕೇಜ್ ಅಥವಾ ಮೆತ್ತೆ ಹೊದಿಸಿದ ಗೋಡೆ ಇದೆಯೇ, ಅದನ್ನು ನಿಜವಾಗಿಯೂ ಬಳಸುತ್ತಾರೆಯೇ ಎಂಬುದನ್ನೂ ಗಮನಿಸಿ. ಜಿಯು-ಜಿತ್ಸು ಜಿಮ್‌ನಲ್ಲಿ ಗಿ (ಜಿಯು-ಜಿತ್ಸುವಿನ ದಪ್ಪ ಬಟ್ಟೆಯ ಉಡುಪು) ಧರಿಸದೆ ಆಡುವ ತರಗತಿಗಳು ಎಷ್ಟಿವೆ ಎಂದು ಕೇಳಿ. ಕಾಲರ್ ಮತ್ತು ತೋಳಿನ ಬಟ್ಟೆ ಹಿಡಿದು ಆಡುವ ಪಟ್ಟುಗಳಿಗೆ ಕೇಜ್‌ನಲ್ಲಿ ಹಿಡಿಯಲು ಬಟ್ಟೆಯೇ ಇರುವುದಿಲ್ಲ.

ಇಂಥ ಬೆರೆತ ತರಗತಿ ಯಾವುದರಲ್ಲಿದೆಯೋ ಅದನ್ನೇ ಆರಿಸಿಕೊಳ್ಳಿ. ಎರಡರಲ್ಲೂ ಇಲ್ಲವಾದರೆ ಜಿಯು-ಜಿತ್ಸುವಿನಿಂದ ಆರಂಭಿಸಿ, ಏಕೆಂದರೆ ಬೆನ್ನು ಕೊಡುವ ಅಭ್ಯಾಸ ಉಳಿದಿರುವವರೆಗೆ ನಿಮ್ಮ ಕುಸ್ತಿಯೇ ನಿಮಗೆ ಅಪಾಯ. ಆದರೆ ಹೊಡೆತದ ಕಲಿಕೆಯನ್ನು ಬಹಳ ಕಾಲ ಮುಂದೂಡಬೇಡಿ.

ಪ್ರಶ್ನೆ: ನಾನು ಯಾವ ಸಮರಕಲೆಯನ್ನೂ ಕಲಿತಿಲ್ಲ. ಜಿಮ್ ಸೇರುವ ಮೊದಲೇ ನನ್ನ ಶೈಲಿ ಯಾವುದೆಂದು ನಿರ್ಧರಿಸಬೇಕೇ?

ಉತ್ತರ: ಬೇಡ. ಶೈಲಿ ಅಭ್ಯಾಸದಿಂದ ಮೂಡುತ್ತದೆ. ಕ್ಯೊಕುಶಿನ್ ಕರಾಟೆಯಿಂದ ಆರಂಭಿಸಿದ ಕೆನಡಾದ ಜಾರ್ಜ್ ಸೇಂಟ್-ಪಿಯರ್ ಮುಂದೆ ಎದುರಾಳಿಗಳನ್ನು ಕೆಡವುವುದಕ್ಕೇ ಪ್ರಸಿದ್ಧರಾದರು. ಹೊಸಬರಿಗೆ ಪ್ರತ್ಯೇಕ ತರಗತಿ ಇರುವ, ನಿಲುವು, ರಕ್ಷಣೆ, ಬೀಳುವ ಕ್ರಮಗಳನ್ನು ತಾಳ್ಮೆಯಿಂದ ಕಲಿಸುವ ಜಿಮ್ ಸೇರಿಕೊಳ್ಳಿ. ಮ್ಯಾಟ್‌ಗಳನ್ನು ದಿನವೂ ಶುಚಿಗೊಳಿಸುತ್ತಾರೆಯೇ ಎಂದು ವಿಚಾರಿಸಿ. ಹುಳುಕಡ್ಡಿಯಂಥ ಚರ್ಮರೋಗಗಳು ಮ್ಯಾಟ್‌ನಿಂದ ಸುಲಭವಾಗಿ ಹರಡುತ್ತವೆ.

ಪ್ರಶ್ನೆ: ನನ್ನ ತೂಕ ಸುಮಾರು 61 ಕಿಲೊ. ದೂರದಲ್ಲಿದ್ದು ಎದುರಾಳಿಯ ತಪ್ಪಿಗೆ ಕಾದು ಹೊಡೆಯುವುದು ನನ್ನ ರೀತಿ. ನನ್ನ ಜಿಮ್‌ನಲ್ಲಿ ಉಳಿದವರೆಲ್ಲ 80 ಕಿಲೊ ಮೀರಿದವರು, ಪ್ರತಿ ವಾರವೂ ಪೂರ್ಣ ಬಲದ ಸ್ಪಾರಿಂಗ್ (ಅಭ್ಯಾಸದ ಕಾದಾಟ) ನಡೆಯುತ್ತದೆ. ಹಾಗೆ ಆಡದವನು ಫೈಟರ್ ಆಗಲಾರ ಎನ್ನುತ್ತಾರೆ. ನಾನು ಜಿಮ್ ಬದಲಿಸಬೇಕೇ?

ಉತ್ತರ: ಯುಎಫ್‌ಸಿ ಪಂದ್ಯಗಳಲ್ಲಿ 61.2 ಕಿಲೊ ಬ್ಯಾಂಟಮ್‌ವೇಟ್‌ನ ಮಿತಿ, 83.9 ಕಿಲೊ ಮಿಡ್ಲ್‌ವೇಟ್‌ನ ಮಿತಿ. ಇವೆರಡರ ನಡುವೆ ಇನ್ನೂ ಮೂರು ತೂಕದ ವರ್ಗಗಳಿವೆ. ಯಾವ ಪಂದ್ಯದಲ್ಲೂ ಎದುರಾಗದಷ್ಟು ಭಾರದವರ ಮುಂದೆ ನಿಮ್ಮನ್ನು ಪ್ರತಿ ವಾರ ನಿಲ್ಲಿಸುತ್ತಿದ್ದಾರೆ. ಕಾದು ಹೊಡೆಯುವವನ ಬಂಡವಾಳ ಸಮಯಪ್ರಜ್ಞೆ ಮತ್ತು ದೂರದ ಅಂದಾಜು. ಹೊಡೆತದ ಭಯದಲ್ಲಿ ಕಣ್ಣು ಮುಚ್ಚುವಂತಾದರೆ ಇವೆರಡೂ ಬೆಳೆಯುವುದಿಲ್ಲ. ಯುಎಫ್‌ಸಿ ಫೆದರ್‌ವೇಟ್ ಚಾಂಪಿಯನ್ ಆಗಿದ್ದ ಮ್ಯಾಕ್ಸ್ ಹಾಲೊವೇ ಅವರೇ ಸ್ಪಾರಿಂಗ್ ಇಲ್ಲದೆ ಪಂದ್ಯಕ್ಕೆ ಸಿದ್ಧರಾದುದನ್ನು ಬಹಿರಂಗವಾಗಿ ಹೇಳಿರುವಾಗ, ಪೂರ್ಣ ಬಲದ ಸ್ಪಾರಿಂಗ್ ಇಲ್ಲದೆ ಫೈಟರ್ ಆಗಲಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹೆಡ್‌ಗಾರ್ಡ್ ಇದೆಯಲ್ಲ ಎಂಬ ಧೈರ್ಯವೂ ಬೇಡ. ಅದು ಮುಖ ಸೀಳುವುದನ್ನು ತಗ್ಗಿಸುತ್ತದೆಯೇ ಹೊರತು, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಸ್ಪಾರಿಂಗ್ ನಂತರ ತಲೆನೋವು, ತಲೆಸುತ್ತು, ವಾಕರಿಕೆ ಅಥವಾ ಬೆಳಕನ್ನು ಸಹಿಸಲಾಗದ ಸ್ಥಿತಿ ಕಂಡುಬಂದರೆ ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ, ಅವರು ಅನುಮತಿಸುವವರೆಗೆ ಮ್ಯಾಟ್‌ಗೆ ಮರಳಬೇಡಿ.

ಜಿಮ್ ಬಿಡುವ ಮೊದಲು ಕೋಚ್‌ನೊಂದಿಗೆ ಒಮ್ಮೆ ನೇರವಾಗಿ ಮಾತನಾಡಿ. ಹಗುರ ಹೊಡೆತದ ಸುತ್ತುಗಳನ್ನೂ, ನಿಮ್ಮ ತೂಕಕ್ಕೆ ಹತ್ತಿರದ ಜೊತೆಗಾರರನ್ನೂ ಕೇಳಿ. ಒಳ್ಳೆಯ ಕೋಚ್ ಆದರೆ ಬೇರೆ ಜಿಮ್‌ನವರೊಂದಿಗೆ ಸೇರಿ ಅಭ್ಯಾಸ ಏರ್ಪಡಿಸಿಯಾದರೂ ನಿಮಗೆ ಸರಿಸಮನಾದ ಜೊತೆಯನ್ನು ಹುಡುಕುತ್ತಾರೆ. ನಿಮ್ಮ ಕೋರಿಕೆಯನ್ನು ಹೇಡಿತನವೆಂದು ತಳ್ಳಿಹಾಕಿದರೆ, ತಡಮಾಡದೆ ಬೇರೆ ಜಿಮ್ ನೋಡಿಕೊಳ್ಳಿ.