ಗ್ಯಾರೇಜ್ ಪ್ರಶ್ನೋತ್ತರ: ಅಜ್ಜನ ಪಿಕಪ್ಪಿಗೆ ಕಾರಿನ ಮುಂಗಾಲು

ಪ್ರಶ್ನೆ: ಮಿಸ್ತ್ರಿಗಳೇ, ನಮ್ಮ ಅಜ್ಜ 1952ರಲ್ಲಿ ಮುಂಬೈಯಿಂದ ತಂದ ಶೆವರ್ಲೆ ಪಿಕಪ್ ಇನ್ನೂ ನಮ್ಮಲ್ಲಿದೆ. ಗದಗ ಮಾರ್ಕೆಟ್ಟಿಗೆ ಹತ್ತಿ ಹೊತ್ತ ಗಾಡಿ ಅದು. ಇಪ್ಪತ್ತು ವರ್ಷ ಶೆಡ್ಡಿನಲ್ಲಿ ನಿಂತಿತ್ತು, ಈಗ ಎಂಜಿನ್ ಶುರುವಾಗಿದೆ. ಆದರೆ 50 ಕಿ.ಮೀ. ವೇಗ ದಾಟಿದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ, ಗಾಡಿ ಆ ಕಡೆ ಈ ಕಡೆ ಅಲೆಯುತ್ತದೆ. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ. ಅಮೆರಿಕದಲ್ಲಿ ಇಂಥ ಪಿಕಪ್ಪುಗಳಿಗೆ ಕಮಾರೋ ಕಾರಿನ ಮುಂದಿನ ಸಬ್‌ಫ್ರೇಮ್ (ಮುಂದಿನ ಗಾಲಿ, ಎಂಜಿನ್ ಹೊರುವ ಚೌಕಟ್ಟು) ಕೂಡಿಸುತ್ತಾರಂತೆ. ಹುಬ್ಬಳ್ಳಿಯ ಒಬ್ಬ ವೆಲ್ಡರ್ ಗುಜರಿ ಸುಮೋದ ಮುಂಭಾಗ ಕತ್ತರಿಸಿ ಕೂಡಿಸಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಲೇ?
— ಓದುಗರೊಬ್ಬರು, ಬೆಟಗೇರಿ

ಉತ್ತರ: ಬೇಡ. ದಯವಿಟ್ಟು ಆ ಚಾಸಿಗೆ (ಇಡೀ ಗಾಡಿ ಹೊರುವ ಕಬ್ಬಿಣದ ಚೌಕಟ್ಟಿಗೆ) ಗ್ಯಾಸ್ ಕಟರ್ ಮುಟ್ಟಿಸಬೇಡಿ. ಯಾಕೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಅಮೆರಿಕದವರು ಮಾಡುವುದು ಸುಮ್ನೆ ಶೋಕಿಗಲ್ಲ. ನಿಮ್ಮ ಪಿಕಪ್ಪಿನ ಮುಂದೆ ಒಂದೇ ಉದ್ದನೆಯ ಆಕ್ಸಲ್ ಇದೆ, ಎರಡೂ ಕಡೆ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು. ಎಡಗಾಲಿ ಗುಂಡಿಗೆ ಬಿದ್ದರೆ ಬಲಗಾಲಿಗೂ ಅದರ ಪೆಟ್ಟು ತಾಗುತ್ತದೆ. ಕಮಾರೋದಲ್ಲಿ ಎರಡೂ ಗಾಲಿ ಬೇರೆ ಬೇರೆಯಾಗಿ ಏಳುತ್ತವೆ, ಇಳಿಯುತ್ತವೆ. 1967ರಿಂದ 69ರವರೆಗಿನ ಕಮಾರೋದ ಮುಂದಿನ ಸಬ್‌ಫ್ರೇಮನ್ನು ಬಾಡಿಗೆ ಬೋಲ್ಟ್ ಹಾಕಿ ಕೂಡಿಸಿರುತ್ತಾರೆ. ಬೋಲ್ಟ್ ಬಿಚ್ಚಿದರೆ ಸಸ್ಪೆನ್ಷನ್, ಸ್ಟೇರಿಂಗ್ ಬಾಕ್ಸ್, ಎಂಜಿನ್ ಕೂರುವ ಜಾಗ ಎಲ್ಲ ಒಟ್ಟಿಗೆ ಕೈಗೆ ಬರುತ್ತದೆ. ಅದಕ್ಕೇ ಅಲ್ಲಿನವರಿಗೆ ಅದು ಇಷ್ಟ. ಆದರೆ ಅದರ ಸ್ಟೇರಿಂಗ್ ಬಾಕ್ಸ್ ಇರುವುದು ಎಡಕ್ಕೆ, ನಿಮ್ಮ ಡ್ರೈವರ್ ಕೂರುವುದು ಬಲಕ್ಕೆ. ಅಲ್ಲಿನ ಚಿತ್ರ ನೋಡಿ ಇಲ್ಲಿ ಕೆಲಸ ಶುರು ಮಾಡಿದವರು ಮೊದಲು ಎಡವುವುದೇ ಇಲ್ಲಿ.

ಸುಮೋದ ವಿಷಯ ಬೇರೆ. ಅದಕ್ಕೆ ಬಿಚ್ಚುವಂಥ ಸಬ್‌ಫ್ರೇಮ್ ಇಲ್ಲ, ಚಾಸಿಯನ್ನೇ ಕತ್ತರಿಸಬೇಕು. ಎರಡು ಗಾಡಿಗಳ ಅರ್ಧರ್ಧ ಚಾಸಿ ಸೇರಿ ಒಂದಾಗಬೇಕು. ಈ ಕೆಲಸವನ್ನು ನಾನು ಒಮ್ಮೆ ಮಾಡಿದ್ದೇನೆ.

ಆಗ ನಾನು ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಹಾವೇರಿ ಕಡೆಯವರೊಬ್ಬರು ಹಳೆ ಪಿಕಪ್ ತಂದಿದ್ದರು. ಗುಜರಿ ಗಾಡಿಯೊಂದರ ಮುಂಭಾಗ ತಂದು, ಎರಡೂ ಚಾಸಿಗಳನ್ನು ನೇರವಾಗಿ ಕತ್ತರಿಸಿ, ತುದಿಗೆ ತುದಿ ಹಚ್ಚಿ ವೆಲ್ಡಿಂಗ್ ಮಾಡಿದೆವು. ಮೇಲೊಂದು ಪ್ಲೇಟು, ಅಷ್ಟೇ. ನೋಡಲು ಗಟ್ಟಿಯಾಗಿತ್ತು. ಎಂಟು ತಿಂಗಳ ಮೇಲೆ ಆ ಮಾಲೀಕರು ಬಂದು, "ಬಲಗಡೆ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ಕೀಲು ನೋಡ್ರಿ" ಎಂದರು. ಕೀಲು ಸರಿಯಾಗಿಯೇ ಇತ್ತು. ಗಾಡಿ ಎತ್ತಿ ಕೆಳಗೆ ಮಲಗಿ ನೋಡಿದರೆ, ವೆಲ್ಡಿಂಗ್ ಪಕ್ಕದಲ್ಲಿ ಚಾಸಿ ಸೀಳಿತ್ತು. ವೆಲ್ಡಿಂಗ್ ಬಿಟ್ಟಿರಲಿಲ್ಲ, ಅದರ ಪಕ್ಕದ ಕಬ್ಬಿಣ ಬಿಟ್ಟಿತ್ತು. ಗಾಡಿಯ ನಡು ಕುಸಿದು ಬಾಗಿಲು ಹಿಡಿಯುತ್ತಿತ್ತು. ಮರುದಿನ ಅದೇ ಗಾಡಿ ಮೆಣಸಿನಕಾಯಿ ಚೀಲ ತುಂಬಿಕೊಂಡು ಹೊರಡುವುದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಸೀಳಿತು? ಹಳೆ ಪಿಕಪ್ಪಿನ ಚಾಸಿ ಮೂರು ಮಗ್ಗಲಿನ ಚಾನಲ್, ಒಂದು ಕಡೆ ತೆರೆದಿರುತ್ತದೆ. ಅದು ಲೋಡಿಗೆ ತಕ್ಕಂತೆ ಸ್ವಲ್ಪ ತಿರುಚಿಕೊಳ್ಳಬೇಕು, ಅದು ಇರುವುದೇ ಹಾಗೆ. ಮುಂದೆ ಕೂಡಿಸಿದ್ದು ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂಥದ್ದು, ಅದು ತಿರುಚುವುದಿಲ್ಲ. ಬಾಗುವುದೂ ಬಾಗದ್ದೂ ಸೇರುವ ಗೆರೆಯಲ್ಲೇ ಎಲ್ಲ ಒತ್ತಡ ಬೀಳುತ್ತದೆ. ಅದೇ ಗೆರೆಯಲ್ಲಿ ವೆಲ್ಡಿಂಗ್ ಬಿಸಿಗೆ ಕಬ್ಬಿಣ ಸೊರಗಿರುತ್ತದೆ. ಅದಕ್ಕೇ ತಿಳಿದವರು ನೇರವಾಗಿ ಕತ್ತರಿಸುವುದಿಲ್ಲ. ಮೆಟ್ಟಿಲಿನ ಹಾಗೆ ಕತ್ತರಿಸಿ ಒಂದರ ಮೇಲೊಂದು ಬರುವಂತೆ ಕೂಡಿಸುತ್ತಾರೆ. ಒಳಗಿನಿಂದ ಹಾಕುವ ಪ್ಲೇಟಿನ ತುದಿಯನ್ನು ಮೊಂಡಾಗಿ ಬಿಡದೆ ಮೀನಿನ ಬಾಲದಂತೆ ಚೂಪು ಮಾಡುತ್ತಾರೆ, ಒತ್ತಡ ಒಂದೇ ಕಡೆ ನಿಲ್ಲಬಾರದು ಎಂದು. ನಮಗೆ ಆಗ ಇದು ಗೊತ್ತಿರಲಿಲ್ಲ.

ಇನ್ನು ಅಳತೆ. ನಿಮ್ಮದು ಅರ್ಧ ಟನ್ನಿನ ಮಾಡೆಲ್ ಆದರೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 116 ಇಂಚು ಇರುತ್ತದೆ. ಕತ್ತರಿಸುವ ಮೊದಲೇ ಗಾಡಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಗೌಂಡಿಗಳು ಗೋಡೆಗೆ ಬಿಡುವ ತೂಗುಗುಂಡಿನಿಂದ ಗಾಲಿಯ ನಡುವನ್ನು ನೆಲಕ್ಕೆ ಇಳಿಸಿ ಗುರುತು ಹಾಕಬೇಕು. ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಎರಡೂ ಕಡೆ ಒಂದೇ ಬರಬೇಕು. ಕಾಲು ಇಂಚು ತಪ್ಪಿದರೂ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಹೊಸ ಮುಂಭಾಗವನ್ನು ಮುಂದಕ್ಕೋ ಹಿಂದಕ್ಕೋ ಒಂದು ಡಿಗ್ರಿ ವಾಲಿಸಿದರೆ ಗಾಲಿ ಎಡಬಲ ತಿರುಗುವ ಪಿನ್ನಿನ ಹಿಂದು-ಮುಂದಿನ ಓರೆ, ಅಂದರೆ ಕ್ಯಾಸ್ಟರ್ ಕೂಡ ಒಂದು ಡಿಗ್ರಿ ಬದಲಾಗುತ್ತದೆ. ತಿರುವಿನಿಂದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದೇ ಆ ಕ್ಯಾಸ್ಟರಿನಿಂದ. ಎಲ್ಲ ಕಡೆ ಬರೀ ಟ್ಯಾಕ್ (ಚುಕ್ಕಿಯಂಥ ಸಣ್ಣ ವೆಲ್ಡಿಂಗ್) ಹೊಡೆದು, ಮತ್ತೆ ಅಳೆದು, ಆಮೇಲೆ ಒಂದು ಗೇಣು ಇಲ್ಲಿ, ಒಂದು ಗೇಣು ಅಲ್ಲಿ ವೆಲ್ಡಿಂಗ್ ಮಾಡಬೇಕು. ಒಂದೇ ಉಸಿರಿಗೆ ಎಳೆದರೆ ಬಿಸಿಗೆ ಚಾಸಿ ಸೊಟ್ಟಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಬ್ರೇಕ್ ಉಳಿಯುತ್ತದೆ. ಬ್ರೇಕ್ ಎಣ್ಣೆ ಒತ್ತುವ ನಿಮ್ಮ ಮಾಸ್ಟರ್ ಸಿಲಿಂಡರ್ ಫ್ಲೋರಿನ ಕೆಳಗಿದೆ, ಡ್ರಮ್ ಬ್ರೇಕಿಗೆ ಮಾಡಿದ್ದು. ಹೊಸ ಮುಂಭಾಗದ ಡಿಸ್ಕ್ ಬ್ರೇಕಿಗೆ ಅದರ ಒತ್ತಡ ಸಾಲುವುದಿಲ್ಲ.

ಕಾನೂನಿನ ಮಾತೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಆರ್‌ಸಿ ಹೊಂದದಂಥ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು ಬಂತು. ಇನ್ನೊಂದು ಗಾಡಿಯ ಚಾಸಿ ತುಂಡು ನಿಮ್ಮ ಗಾಡಿಯಲ್ಲಿ ಸಿಕ್ಕರೆ ಪೊಲೀಸರೂ ಪ್ರಶ್ನೆ ಕೇಳುತ್ತಾರೆ.

ನನಗೆ ಇದಕ್ಕಿಂತ ಜಾಸ್ತಿ ಕಾಳಜಿ ಬೇರೆ. 2021ರಲ್ಲಿ ಬಂದ ವಿಂಟೇಜ್ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ಪ್ರತ್ಯೇಕ ನೋಂದಣಿ ಸಿಗುತ್ತದೆ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಒಯ್ಯಬಹುದು. ಆದರೆ ಷರತ್ತು ಒಂದಿದೆ: ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಸುಮೋದ ಮುಂಭಾಗ ಕೂಡಿಸಿದ ದಿನವೇ ನಿಮ್ಮ ಅಜ್ಜನ ಗಾಡಿಗೆ ಆ ಬಾಗಿಲು ಮುಚ್ಚುತ್ತದೆ.

ನೀವು ಬರೆದ ರೋಗ ನೋಡಿದರೆ ನನಗೆ ಕಾಣುವುದು ಇಷ್ಟು: ಕಿಂಗ್‌ಪಿನ್ (ಗಾಲಿ ಎಡಬಲ ತಿರುಗುವ ಪಿನ್) ಮತ್ತು ಅದರ ಬುಷ್ ಸವೆದಿವೆ, ಪಾಟಾವನ್ನು ಚಾಸಿಗೆ ಹಿಡಿಯುವ ಶ್ಯಾಕಲ್ ಸಡಿಲ, ಬಲಗಡೆ ಮುಂದಿನ ವೀಲ್ ಸಿಲಿಂಡರ್ ಜಾಮ್ ಆಗಿ ಆ ಗಾಲಿಗೆ ಬ್ರೇಕ್ ಹಿಡಿಯುತ್ತಿಲ್ಲ, ಅದಕ್ಕೇ ಎಡಕ್ಕೆ ಎಳೆಯುತ್ತದೆ. ಇಪ್ಪತ್ತು ವರ್ಷ ನಿಂತ ಗಾಡಿಗೆ ಇದು ಸಹಜ. ಬುಷ್ಷನ್ನು ಒಳ್ಳೆಯ ಲೇಥಿನವರ ಹತ್ತಿರ ಮಾಡಿಸಿ, ಪಿನ್ನಿನ ಅಳತೆಗೆ ಒಳಗಿನಿಂದ ಕೊರೆಯುವ ರೀಮರ್ ಹಾಕಿಸಿ. ಕ್ಯಾಸ್ಟರ್ ಕಡಿಮೆ ಬಂದರೆ ಆಕ್ಸಲ್ಲಿಗೂ ಪಾಟಾಕ್ಕೂ ನಡುವೆ ಓರೆ ಪಟ್ಟಿ ಇಟ್ಟು ಸರಿ ಮಾಡಬಹುದು. ಬ್ರೇಕ್ ಪೈಪು, ಹೋಸು ಎಲ್ಲ ಹೊಸದು ಹಾಕಿಸಿ. ಆಮೇಲೆ ಒಮ್ಮೆ ಓಡಿಸಿ ನನಗೆ ಬರೆಯಿರಿ. ನಿಜವಾಗಿ ಕಾಯುತ್ತಿರುತ್ತೇನೆ.

ಪ್ರಶ್ನೆ: ಕಾಕಾ, ನಾನು ಡಿಪ್ಲೊಮಾ ಓದುತ್ತಿದ್ದೇನೆ. ಮಾರುತಿಯಂಥ ಸಣ್ಣ ಕಾರಿಗೂ ಮುಂದೆ ಸಬ್‌ಫ್ರೇಮ್ ಇದೆ. ಅದನ್ನು ಹಳೆ ಪಿಕಪ್ಪಿಗೆ ಯಾಕೆ ಕೂಡಿಸುವುದಿಲ್ಲ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳ್ಳೆಯ ಪ್ರಶ್ನೆ, ತಂಗಿ. ಆ ಕಾರುಗಳಲ್ಲಿ ಸ್ಟ್ರಟ್ಟಿನ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಕಂಬದ) ಕೆಳತುದಿ ಮಾತ್ರ ಗಾಲಿಯ ಕಡೆ ಇರುತ್ತದೆ. ಮೇಲ್ತುದಿ ಬಾಡಿಗೆ ಸಿಕ್ಕಿರುತ್ತದೆ. ಸಬ್‌ಫ್ರೇಮ್ ಬಿಚ್ಚಿ ತಂದರೆ ಸ್ಟ್ರಟ್ಟಿನ ಮೇಲ್ತುದಿಗೆ ಆಸರೆಯೇ ಇಲ್ಲ. ಎಂಜಿನ್ ಕೂಡ ಅಡ್ಡ ಕೂತು ಮುಂದಿನ ಗಾಲಿಯನ್ನೇ ತಿರುಗಿಸುತ್ತದೆ. ಪಿಕಪ್ಪಿನ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಗಾಲಿ ತಿರುಗಿಸುತ್ತದೆ. ಗಾಲಿಯನ್ನು ಮೇಲೂ ಕೆಳಗೂ ಹಿಡಿಯುವ ಎರಡೂ ತೋಳು (ವಿಶ್‌ಬೋನ್) ತನ್ನಲ್ಲೇ ಇರುವ ಸಬ್‌ಫ್ರೇಮ್ ಮಾತ್ರ ಇಂಥ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ಟಾಟಾ 407 ಲಾರಿಗೆ ಕಿಂಗ್‌ಪಿನ್ ಹೋಗಿದೆ ಎನ್ನುತ್ತಾರೆ. ಮನೆಯಲ್ಲೇ ಪರೀಕ್ಷೆ ಮಾಡಬಹುದೇ?
— ಓದುಗರು, ಬ್ಯಾಡಗಿ

ಉತ್ತರ: ಮಾಡಬಹುದು. ಆಕ್ಸಲ್ ಕೆಳಗೆ ಜಾಕಿ ಕೊಟ್ಟು ಗಾಲಿ ಎತ್ತಿ. ಹಿಂದಿನ ಗಾಲಿಗೆ ಕಲ್ಲು ಇಡುವುದು ಮರೆಯಬೇಡಿ. ಟೈರನ್ನು ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ದೋಷ ಬೇರಿಂಗಿನದು. ಆಗಲೂ ಅಲ್ಲಾಡಿದರೆ ಕಿಂಗ್‌ಪಿನ್ನಿನದೇ. ಹೊಸದು ಹಾಕಿಸಿದ ಮೇಲೆ ಗ್ರೀಸ್ ಹೊಡೆಯುವಾಗ ಹಳೆ ಗ್ರೀಸ್ ಹೊರಗೆ ಬರುವ ತನಕ ಹೊಡೆಯಿರಿ.